ಸರಿಯುವ ಬೀದಿ ಮತ್ತು ಅಕ್ಕನ ಕಾಲು

ನಾನು ಡ್ರಿಲ್ ಮಾಸ್ತರ. ಮೂವತ್ತೊಂದು ವರ್ಷದಿಂದ ಈ ಊರಿನ ಜನಕ್ಕೆ ಒಂದೇ ಮಾತು ಹೇಳುತ್ತ ಬಂದಿದ್ದೇನೆ: ಓಡಿದ ಮೇಲೆ ಐದು ನಿಮಿಷ ಬಾಗಿರಿ, ಕಾಲು ಎಳೆದು ಸಡಿಲ ಮಾಡಿಕೊಳ್ಳಿರಿ. ಐದೇ ನಿಮಿಷ. ಒಂದು ಪಾತ್ರೆ ಚಹಾ ಕುದಿಯುವಷ್ಟು ಹೊತ್ತೂ ಅಲ್ಲ. ಕೇಳಿದವರು ಯಾರು? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರೆ. ಕೋಣವಾದರೂ ಒಮ್ಮೆ ಕಿವಿ ಅಲ್ಲಾಡಿಸುತ್ತದೆ, ನಮ್ಮವರು ಅದನ್ನೂ ಮಾಡುವುದಿಲ್ಲ.

ನಮ್ಮೂರಿಗೆ ಇರುವುದು ಒಂದೇ ಬೀದಿ. ಅದು ಮೇಲ್ತುದಿಯಿಂದ ಕೆಳತುದಿಯ ಕಡೆಗೆ ಸದಾ ಸರಿಯುತ್ತಿರುತ್ತದೆ. ಅಕ್ಕಪಕ್ಕದ ಗೋಡೆ ಸರಿಯುವುದಿಲ್ಲ, ಕಟ್ಟೆ ಸರಿಯುವುದಿಲ್ಲ, ಬೀದಿ ಮಾತ್ರ. ಮನೆಗಳೆಲ್ಲ ಕೆಳತುದಿಯಲ್ಲಿವೆ. ಶಾಲೆ, ದವಾಖಾನೆ, ಸಂತೆ, ಹಿಟ್ಟಿನ ಗಿರಣಿ ಎಲ್ಲ ಮೇಲ್ತುದಿಯಲ್ಲಿವೆ. ಹೀಗೆ ಕಟ್ಟಿದ ಹಿರಿಯರ ಬುದ್ಧಿಯ ಬಗ್ಗೆ ನಾನೇನೂ ಹೇಳುವುದಿಲ್ಲ. ಮೇಲೆ ಹೋಗುವಾಗ ನಡೆದರೆ ಇದ್ದಲ್ಲೇ ಇರುತ್ತೀರಿ, ನಿಂತರೆ ಹಿಂದಕ್ಕೆ ಹೋಗುತ್ತೀರಿ, ಓಡಿದರೆ ಮಾತ್ರ ಮುಟ್ಟುತ್ತೀರಿ. ಎತ್ತು ಆ ಬೀದಿಗೆ ಕಾಲಿಡುವುದಿಲ್ಲ. ಸೈಕಲ್ಲು ಎರಡು ಮಾರು ಹೋಗುವಷ್ಟರಲ್ಲಿ ಅಡ್ಡ ಬೀಳುತ್ತದೆ. ಒಬ್ಬರನ್ನೊಬ್ಬರು ಹೊತ್ತು ಓಡೋಣವೆಂದರೆ ಬೀದಿ ಎರಡರಷ್ಟು ಜೋರಾಗಿ ಸರಿಯುತ್ತದೆ. ಆದ್ದರಿಂದ ನಮ್ಮಲ್ಲಿ ಅವರವರ ಕಾಲೇ ಅವರವರಿಗೆ ದಿಕ್ಕು.

ಇಷ್ಟೆಲ್ಲ ಓಡುವ ಊರಿನಲ್ಲಿ ಕಾಲಿನ ಬಗ್ಗೆ ತಿಳಿವಳಿಕೆ ಇರಬೇಕು ಎಂದು ನೀವು ಅಂದುಕೊಳ್ಳಬಹುದು. ನಾನೂ ನೌಕರಿಗೆ ಸೇರಿದ ಹೊಸದರಲ್ಲಿ ಅಂದುಕೊಂಡಿದ್ದೆ. ಇವರು ನಂಬಿರುವುದು ಏನೆಂದರೆ, ಸೆಟೆದ ಕಾಲೇ ಗಟ್ಟಿ ಕಾಲು. ಗಂಡು ನೋಡಲು ಹೋದವರು ಹುಡುಗನ ಮೀನಖಂಡ ಒತ್ತಿ ನೋಡುತ್ತಾರೆ. ಬೆರಳು ಒಳಗೆ ಹೋಗದಿದ್ದರೆ ಸಂಬಂಧ ಕುದುರುತ್ತದೆ. ಬೆಣ್ಣೆಯಂಥ ಕಾಲು ಎಂದರೆ ಇಲ್ಲಿ ಬೈಗುಳ. ಇನ್ನು ಸಂಜೆ ಕೆಳಗೆ ಬರುವಾಗ ಯಾರೂ ಓಡಬೇಕಿಲ್ಲ, ಬೀದಿಯೇ ಕರೆತರುತ್ತದೆ. ಬೆವರು ಆರುವ ಆ ಹೊತ್ತಿನಲ್ಲೇ ಕಾಲನ್ನು ಎಳೆದು ಸಡಿಲಿಸಬೇಕು. ಇವರು ಏನು ಮಾಡುತ್ತಾರೆ? ಗಂಡಸರು ಹೆಗಲ ಮೇಲೆ ಟವೆಲ್ಲು, ಹೆಂಗಸರು ತಲೆಯ ಮೇಲೆ ಸಂತೆಯ ಗಂಟು, ಎಲ್ಲರೂ ಕಂಬದ ಹಾಗೆ ನೆಟ್ಟಗೆ ನಿಂತು ಕಟ್ಟೆಗಳ ಮುಂದೆ ಮೆರವಣಿಗೆ ಹೋಗುತ್ತಾರೆ. ಅಲ್ಲಿ ಬಾಗಿದರೆ ಕಟ್ಟೆಯ ಮೇಲಿದ್ದವರಿಗೆ ಹಿಂಭಾಗ ತೋರಿಸಿದಂತೆ, ಮರ್ಯಾದೆ ಹೋದಂತೆ. ಮರ್ಯಾದೆ ಉಳಿಯುತ್ತದೆ, ಸ್ನಾಯು ಹಿಡಿದುಕೊಳ್ಳುತ್ತದೆ. ಐವತ್ತು ದಾಟುವುದರೊಳಗೆ ಕಾಲು ಬಿದಿರಾಗುತ್ತದೆ.

ಓಡಲಾಗದೆ ಹೋದವರಿಗೆ ನಮ್ಮಲ್ಲಿ ಮಣೆ ಹಾಕುತ್ತಾರೆ. ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯೊಳಗೆ ಒಮ್ಮೆಯೂ ಮೇಲ್ತುದಿ ಮುಟ್ಟದಿದ್ದರೆ, ನೆರೆಹೊರೆಯವರು ಸೇರಿ ಹೊಸ ಮಣೆ ಮಾಡಿಸಿ, ಕೆಳತುದಿಯ ದೊಡ್ಡ ಕಟ್ಟೆಯ ಮೇಲೆ ಇಟ್ಟು, ಕೂರಿಸಿ, ಹೂಮಾಲೆ ಹಾಕಿ ಕೈಮುಗಿಯುತ್ತಾರೆ. ಊಟ, ಎಲೆಅಡಿಕೆ, ಮಾತುಕತೆ ಯಾವುದಕ್ಕೂ ಕಡಿಮೆ ಇಲ್ಲ. ಆದರೆ ಮಣೆ ಏರಿದವರು ಮತ್ತೆ ಬೀದಿಗೆ ಕಾಲಿಡುವಂತಿಲ್ಲ. ಇಟ್ಟರೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಯಾರೂ ಇಟ್ಟಿರಲಿಲ್ಲ.

ನನ್ನ ಅಕ್ಕ ಬಾಳವ್ವ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ನೂರಾ ನಲವತ್ತು ಮಕ್ಕಳಿಗೆ ಇಪ್ಪತ್ತಾರು ವರ್ಷದಿಂದ ಅನ್ನ ಸಾರು. ಗಂಡ ತೀರಿಕೊಂಡ ವರ್ಷವೇ ಆ ಕೆಲಸಕ್ಕೆ ಸೇರಿದವಳು, ಮಕ್ಕಳಿಲ್ಲ, ಆ ಒಲೆಯೇ ಅವಳ ಸಂಸಾರ. ಓಟದಲ್ಲಿ ಅವಳನ್ನು ಮೀರಿಸಿದವರಿಲ್ಲ. ಸೀರೆ ಎತ್ತಿ ಕಚ್ಚೆ ಬಿಗಿದು ಹೊರಟರೆ ಗಂಡಸರು ಪಕ್ಕಕ್ಕೆ ಸರಿಯುತ್ತಿದ್ದರು. ಮೇಲ್ತುದಿಯಲ್ಲಿ ಶಾಲೆಯ ಹಿಂದಿನ ಕೋಣೆಯಲ್ಲೇ ಇರುವ ನಾನು ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಂತು ಅವಳು ಬರುವುದನ್ನು ನೋಡುತ್ತಿದ್ದೆ. ಬಂದವಳೇ ನೇರವಾಗಿ ಹೋಗಿ ಒಲೆಯ ಮುಂದೆ ನಿಲ್ಲುತ್ತಿದ್ದಳು.

"ಅಕ್ಕಾ, ಮೊದಲ ಈ ಮೆಟ್ಟಿಲಿಗೆ ಬಾ. ಪಾದದ ತುದಿ ಊರು, ಹಿಮ್ಮಡಿ ಕೆಳಗ ಇಳಿಬಿಡು. ಮೂವತ್ತ ಎಣಿಸೂದರೊಳಗ ಮುಗೀತೈತಿ."

"ಮೂವತ್ತ ಎಣಿಸೂದರೊಳಗ ನಾ ಹತ್ತ ಉಳ್ಳಾಗಡ್ಡಿ ಹೆಚ್ಚತೀನಿ."

"ಕಾಲು ಹಿಡ್ಕೊಂಡ ಮ್ಯಾಲೆ ನನ್ನ ಮುಂದ ಅಳಬ್ಯಾಡ."

"ಸಾಕ ಬಿಡೋ ತಮ್ಮಾ. ನಿನ್ನ ಮಾತು ಕೇಳಿ ಕೇಳಿ ಸಡ್ಲಾಗಿರೂದು ನನ್ನ ಕಿವಿ, ಕಾಲಲ್ಲ."

ಅಡುಗೆಮನೆಯ ಬಾಗಿಲಲ್ಲಿದ್ದ ಮಕ್ಕಳೆಲ್ಲ ನಗುತ್ತಿದ್ದರು. ನಾನು ಸೀಟಿ ಬಾಯಿಗಿಟ್ಟುಕೊಂಡು ಮೈದಾನಕ್ಕೆ ಹೋಗುತ್ತಿದ್ದೆ. ಹೀಗೆ ಇಪ್ಪತ್ತಾರು ವರ್ಷ.

ಐವತ್ತೇಳನೆಯ ವಯಸ್ಸಿನಲ್ಲಿ, ಅಮಾವಾಸ್ಯೆಯ ಮರುದಿನ, ಅರ್ಧ ಬೀದಿಯಲ್ಲಿ ಅವಳ ತೊಡೆಯ ಹಿಂಭಾಗದಲ್ಲಿ ಏನೋ ಚಟ್ಟೆಂದಿತು. ಅವಳು ನಿಂತಳು, ಬೀದಿ ನಿಲ್ಲಲಿಲ್ಲ. ನಾನು ಗೇಟಿನಲ್ಲಿ ನಿಂತು ನೋಡುತ್ತಿದ್ದಂತೆಯೇ ಅಕ್ಕ ಸಣ್ಣದಾಗುತ್ತ ಸಣ್ಣದಾಗುತ್ತ ಕೆಳಗೆ ಹೋದಳು. ಮುಖ ಮಾತ್ರ ನನ್ನ ಕಡೆಗೇ ಇತ್ತು. ಅಷ್ಟು ದೂರದಿಂದಲೂ ಅವಳು ನನ್ನನ್ನು ಬೈಯುತ್ತಿರುವುದು ಗೊತ್ತಾಗುತ್ತಿತ್ತು.

ದವಾಖಾನೆಯ ಡಾಕ್ಟರು ಇಳಿದು ಬಂದು ನೋಡಿದರು. ಹತ್ತು ದಿನ ಕಾಲು ಅಲುಗಿಸಬೇಡಿ, ಆಮೇಲೆ ಮಾಸ್ತರರು ಹೇಳಿದಂತೆ ನಿಧಾನವಾಗಿ ಸಡಿಲಿಸುತ್ತ ಬನ್ನಿ, ತಿಂಗಳು ತುಂಬುವಷ್ಟರಲ್ಲಿ ಮೆಲ್ಲಗೆ ಓಡಬಹುದು ಎಂದರು. ಮೂವತ್ತೊಂದು ವರ್ಷದಲ್ಲಿ ನನ್ನ ಮಾತನ್ನು ಮೊದಲ ಬಾರಿಗೆ ಒಬ್ಬರು ಒಪ್ಪಿದ್ದರು. ಆ ಸಂತೋಷ ಎರಡು ದಿನವೂ ಬಾಳಲಿಲ್ಲ. ಮೂರನೆಯ ದಿನ ನಾನು ಹೋದಾಗ ಅಕ್ಕ ಅಂಗಳದಲ್ಲಿ ಕಾಲು ನೆಟ್ಟಗಿಟ್ಟು, ಬಾವಿಯಿಂದ ಕೊಡ ಎಳೆಯುವವರ ಹಾಗೆ ನಡ ಬಗ್ಗಿಸಿ ಎತ್ತಿ, ಬಗ್ಗಿಸಿ ಎತ್ತಿ ಜಗ್ಗಾಡುತ್ತಿದ್ದಳು. ಹಲ್ಲು ಕಚ್ಚಿದ್ದಳು, ಕಣ್ಣಲ್ಲಿ ನೀರಿತ್ತು.

"ಏನ ಮಾಡಾಕತ್ತೀ?"

"ನೀ ಹೇಳಿದ್ದ. ಬಾಗಾಕತ್ತೀನಿ. ನೂರಾ ಎಂಬತ್ತ ಆತು."

"ಹತ್ತು ದಿನ ಅಲುಗಿಸಬ್ಯಾಡ ಅಂದಾರ! ಮತ್ತ ಹಿಂಗ ಜಗ್ಗಬಾರದು. ನೋವಾದರ ನಿಲ್ಲಸಬೇಕು."

"ನೋವಾಗದ ಏನ ಬರತೈತೋ? ಬಿಸಿ ತಾಗದ ಅನ್ನ ಬೇಯತೈತೇನು?"

ಅವಳಿಗೆ ಏನು ಹೇಳುವುದು! ಇಪ್ಪತ್ತಾರು ವರ್ಷ ಮಾಡದ್ದನ್ನು ಎಂಟು ದಿನದಲ್ಲಿ ಮಾಡಿ ಮುಗಿಸುವ ಹಟ. ಹಗುರವಾಗಿ ಹಿಡಿದು ಬಿಡು ಎಂದರೆ ಹೊತ್ತು ಸಾಲದು ಎನ್ನುವಳು. ಹತ್ತು ದಿನ ಕಳೆದ ಮೇಲೆ ಮಲಗಿ, ಪಾದಕ್ಕೆ ಟವೆಲ್ಲು ಸುತ್ತಿ ಮೆಲ್ಲಗೆ ಎಳೆದುಕೋ ಎಂದು ತೋರಿಸಿ ಬಂದೆ. ನಾನು ಬೀದಿ ಏರಿದ್ದೇ ತಡ, ಪಕ್ಕದ ಮನೆಯ ದೇಮವ್ವನನ್ನು ಕರೆದು ಟವೆಲ್ಲಿನ ಇನ್ನೊಂದು ತುದಿ ಅವಳ ಕೈಗೆ ಕೊಟ್ಟು, "ಎತ್ತಿನ ಹಗ್ಗ ಎಳದಂಗ ಎಳಿ" ಎಂದಳಂತೆ. ದೇಮವ್ವ ಒಳ್ಳೆಯ ಹೆಂಗಸು, ಹೇಳಿದಂತೆಯೇ ಎಳೆದಳು. ಬೆಸೆಯುತ್ತಿದ್ದ ಸ್ನಾಯು ಮತ್ತೆ ಹರಿಯಿತು. ಆ ದಿನ ನಾನು ಅಕ್ಕನನ್ನು ಬೈದ ರೀತಿಯನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅವಳು ತಿರುಗಿ ಬೈಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ, "ಹುಡುಗೂರಿಗೆ ಯಾರ ಅಡಗಿ ಮಾಡಾಕತ್ತಾರೋ?" ಎಂದು ಕೇಳಿದಳು.

ಅಮಾವಾಸ್ಯೆಯ ಬೆಳಿಗ್ಗೆ ಅವಳು ಕೊನೆಯ ಸಲ ಬೀದಿಗಿಳಿದಳು. ನಾನು ಜೊತೆಗೆ ಓಡಿದೆ. ಅರ್ಧ ಬೀದಿಯವರೆಗೂ ಅವಳಿಂದ ಬರಲಾಗಲಿಲ್ಲ. ಅವಳ ಕಾಲು ಎಳೆಯುತ್ತಿತ್ತು, ಬೀದಿ ಅವಳನ್ನು ಒಂದೊಂದೇ ಕಟ್ಟೆ ಹಿಂದಕ್ಕೆ ತೆಗೆದುಕೊಂಡು ಹೋಗುತ್ತಿತ್ತು. "ನೀ ಹೋಗೋ, ಗಂಟೆ ಬಾರಸೂ ಹೊತ್ತಾತು," ಎಂದಳು. ನಾನು ಹೋದೆ. ಮಧ್ಯಾಹ್ನ ನಾನು ಇಳಿದು ಬರುವಷ್ಟರಲ್ಲಿ ಮಣೆ ಬಂದಿತ್ತು. ಹಲಸಿನ ಮರದ್ದು, ಅಂಚಿಗೆ ಕಮಲದ ಹೂವು ಕೆತ್ತಿದ್ದು. ಮುಂದೆ ನಿಂತು ಎಲ್ಲವನ್ನೂ ಮಾಡಿಸಿದವಳು ದೇಮವ್ವ. ಟವೆಲ್ಲು ಎಳೆದ ತಪ್ಪಿಗೋ ಏನೋ ಅತ್ತು ಅತ್ತು ಮಾಲೆ ಹಾಕಿದಳು. ಮರುದಿನದಿಂದ ಶಾಲೆಯ ಅಡುಗೆಯ ಕೆಲಸವೂ ಅವಳಿಗೇ ಬಂತು.

ನಮ್ಮ ಅವ್ವನೂ ಆ ಕಟ್ಟೆಯ ಮೇಲೆ ಕೂತವಳೇ. ನಲವತ್ತೊಂಬತ್ತಕ್ಕೆ ಕೂತು ಇಪ್ಪತ್ತೆರಡು ವರ್ಷ ಇದ್ದಳು. ನನ್ನ ಮದುವೆ ಮೇಲ್ತುದಿಯಲ್ಲಿ ಆಯಿತು, ಅವಳು ನೋಡಲಿಲ್ಲ. ಮದುಮಕ್ಕಳು ಇಳಿದು ಹೋಗಿ ಕಾಲಿಗೆ ಬಿದ್ದೆವು, ಅವಳು ಅಕ್ಷತೆ ಹಾಕಿದಳು. ಊರಿನಲ್ಲಿ ಎಲ್ಲರ ಮನೆಯಲ್ಲೂ ನಡೆಯುವುದೇ ಇದು, ಅದಕ್ಕೆ ಯಾರೂ ಹೆಚ್ಚು ಯೋಚಿಸುವುದಿಲ್ಲ. ಆದರೆ ಅಕ್ಕ ಅದೇ ಜಾಗದಲ್ಲಿ ಮಾಲೆ ಹಾಕಿಸಿಕೊಂಡು, ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು ಕೂತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಕಟ್ಟೆಯ ಹಿಂದಿನ ಗೋಡೆಯ ಮರೆಗೆ ಹೋಗಿ ಅತ್ತೆ. ಸಿಟ್ಟಿನಿಂದಲೂ ಅತ್ತೆ. ಐದು ನಿಮಿಷ ಕೇಳಿದ್ದೆ, ದಿನಕ್ಕೆ ಐದೇ ನಿಮಿಷ!

ಮುಂದಿನ ಭಾನುವಾರ ಹೋದಾಗ ಅಕ್ಕ ನಡ ಹಿಡಿದುಕೊಂಡು ನರಳುತ್ತಿದ್ದಳು. ಕೂತು ಕೂತು ಬೆನ್ನು ಹಿಡಿದಿತ್ತು. ಬೆನ್ನಿಗಾದರೂ ಆಗಲಿ ಎಂದು ನಾನು ಕಟ್ಟೆಯ ಮೇಲೆಯೇ ಕಾಲು ಚಾಚಿಸಿ, ಮುಂದಕ್ಕೆ ಮೆಲ್ಲಗೆ ಬಾಗುವುದನ್ನು ತೋರಿಸಿದೆ. ಹಿಡಿಯುತ್ತದೆ ಅನಿಸಿದಲ್ಲಿ ನಿಲ್ಲು, ಉಸಿರು ಬಿಡು, ಜಗ್ಗಬೇಡ. ಎಣಿಕೆ ಮರೆಯುತ್ತದೆ ಎಂದಳು. ಪಕ್ಕದ ಮಣೆಯಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದ ಕಾಶಪ್ಪಜ್ಜ, "ಬಾಳವ್ವಾ, ನಾ ಒಂದ್ ಎಲಿಗೆ ಸುಣ್ಣ ಹಚ್ಚಿ, ಅಡಕಿ ಇಟ್ಟು, ಮಡಚಿ ಬಾಯಾಗ ಹಾಕ್ಕೊಳ್ಳೂ ತನಾ ಹಿಡಿ. ಅಷ್ಟ ಹೊತ್ತು ಸಾಕಲ್ಲರೀ ಮಾಸ್ತರ?" ಎಂದ. ಸಾಕಾಗಿತ್ತು. ಅಜ್ಜ ಸಾವಕಾಶದ ಮನುಷ್ಯ, ಅವನ ಒಂದು ಎಲೆಗೆ ಮೂವತ್ತರ ಮೇಲೆಯೇ ಆಗುತ್ತಿತ್ತು.

ನನ್ನ ಹಣೆಬರಹ ನೋಡಿ. ಎಲ್ಲರೂ ಓಡುವ ಊರಿನಲ್ಲಿ ನನ್ನ ಮಾತು ಕೇಳಿದವರು ಕೂತವರು. ಕಟ್ಟೆಯ ಮೇಲೆ ಯಾರಿಗೂ ಅವಸರವಿರಲಿಲ್ಲ, ಮರ್ಯಾದೆಯ ಹೆದರಿಕೆಯೂ ಇರಲಿಲ್ಲ. ಅಕ್ಕ ಮಾಡುವುದನ್ನು ನೋಡಿ ಅಜ್ಜ ಶುರುಮಾಡಿದ, ಅಜ್ಜನನ್ನು ನೋಡಿ ಮಿಕ್ಕವರು. ಬೆಳಿಗ್ಗೆ ಒಂದು ಎಲೆಯ ಹೊತ್ತು ತೊಡೆಗೆ, ಒಂದು ಎಲೆಯ ಹೊತ್ತು ಮೀನಖಂಡಕ್ಕೆ, ಒಂದು ನಡಕ್ಕೆ. ಆಮೇಲೆ ಗೋಡೆಗೆ ಕೈಯೂರಿ ಎದ್ದು ನಿಂತು ಕಾಲನ್ನು ಹಿಂದೆ ಮುಂದೆ ಬೀಸುವುದು. ಆಮೇಲೆ ಕಟ್ಟೆಯುದ್ದಕ್ಕೂ ಮಂಡಿ ಎತ್ತಿ ನಡೆಯುವುದು. ಕಟ್ಟೆ ಬೀದಿಯಲ್ಲವಲ್ಲ, ಅಲ್ಲಿ ನಡೆದರೆ ತಪ್ಪಿಲ್ಲ. ಐದು ತಿಂಗಳಾಗುವಷ್ಟರಲ್ಲಿ ಅಕ್ಕ ಕಾಲು ಚಾಚಿ ಕೂತು ಹಣೆಯನ್ನು ಮಂಡಿಗೆ ಮುಟ್ಟಿಸುತ್ತಿದ್ದಳು. ಕಾಶಪ್ಪಜ್ಜ ಕುಕ್ಕರುಗಾಲಲ್ಲಿ ಕೂತು, ನೆಲಕ್ಕೆ ಕೈಯೂರದೆ ಏಳುತ್ತಿದ್ದ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನಾನು ಆ ದಿನಗಳಲ್ಲಿ ಎಷ್ಟು ಸಲ ಹೇಳಿದೆನೋ. ಭಾನುವಾರ ಅವರ ತಪ್ಪು ತಿದ್ದಿ, ಬೆನ್ನು ತಟ್ಟಿ, ಒಂದು ಎಲೆ ಹಾಕಿಕೊಂಡು ಮೇಲೆ ಓಡಿ ಬರುತ್ತಿದ್ದೆ. ದಾರಿಯುದ್ದಕ್ಕೂ ಕುಂಟುತ್ತ ಓಡುವ ಹರೆಯದವರನ್ನು ಕಂಡು ಹಲ್ಲು ಕಡಿಯುತ್ತಿದ್ದೆ.

ಎಂಟನೆಯ ತಿಂಗಳು ಒಂದು ಗುರುವಾರ, ಬರುವ ದಾರಿಯಲ್ಲಿ ದೇಮವ್ವನ ಮೀನಖಂಡ ಹಿಡಿಯಿತು. ಅವಳಿಗೂ ನಾನು ಎಂಟು ತಿಂಗಳು ಹೇಳಿದ್ದೆ. "ಬಾಳವ್ವ ಬಾಗಿ ಬಾಗಿನ ಕಾಲ ಕಳಕೊಂಡ್ಳು, ನಾ ಒಲ್ಲೆರೀ," ಎನ್ನುತ್ತಿದ್ದಳು. ಬೀದಿ ಅವಳನ್ನು ಕೆಳಗೆ ಒಯ್ದಿತು. ಮೇಲೆ ಹತ್ತು ಗಂಟೆಯಾದರೂ ಒಲೆ ಹತ್ತಲಿಲ್ಲ. ಅವಳ ಕೈಕೆಳಗಿನ ಹುಡುಗಿ ತವರಿಗೆ ಹೋಗಿದ್ದಳು. ಹೆಡ್‌ಮಾಸ್ತರರು ನನ್ನನ್ನು ಕರೆದು, "ನಿಮ್ಮ ಅಕ್ಕನ ಕೆಲಸ ಅಲ್ಲೇನ್ರೀ, ನೀವ ನೋಡಿರ್ತೀರಿ, ಹಚ್ಚರಿ ಒಲಿ," ಎಂದರು. ಡ್ರಿಲ್ ಮಾಸ್ತರನಾದವನು ಈ ಊರಿನಲ್ಲಿ ಇನ್ನೇನೇನು ಮಾಡಬೇಕೋ! ಹಸಿ ಕಟ್ಟಿಗೆ, ಕಣ್ಣಿಗೆ ಹೊಗೆ, ಎಷ್ಟು ಅಕ್ಕಿಗೆ ಎಷ್ಟು ನೀರು ಎಂಬುದು ಗೊತ್ತಿಲ್ಲ. ಹೊರಗೆ ನೂರಾ ನಲವತ್ತು ತಟ್ಟೆಗಳು ಸದ್ದು ಮಾಡುತ್ತಿದ್ದವು.

ಕೆಳಗೆ ಏನಾಯಿತೆಂದು ನನಗೆ ಆಮೇಲೆ ಗೊತ್ತಾಯಿತು. ದೇಮವ್ವ ಕಟ್ಟೆಯ ಮುಂದೆ ಬಂದು ಬಿದ್ದು, ಹುಡುಗರಿಗೆ ಇವತ್ತು ಅನ್ನವಿಲ್ಲ ಎಂದು ಅತ್ತಳಂತೆ. ಅಕ್ಕ ಎದ್ದಳಂತೆ. ಗೋಡೆಗೆ ಕೈಯೂರಿ ಹತ್ತು ಸಲ ಬಲಗಾಲು ಬೀಸಿದಳು, ಹತ್ತು ಸಲ ಎಡಗಾಲು ಬೀಸಿದಳು. ಕಟ್ಟೆಯುದ್ದಕ್ಕೂ ಎರಡು ಸಲ ಮಂಡಿ ಎತ್ತಿ ನಡೆದಳು. ಕಚ್ಚೆ ಬಿಗಿದಳು. ಮಣೆ, ಮಣೆ ಎಂದು ನಾಲ್ಕು ಜನ ಕೂಗುತ್ತಿದ್ದಂತೆಯೇ ಬೀದಿಗೆ ಕಾಲಿಟ್ಟಳು. ಏನೂ ಆಗಲಿಲ್ಲ. ಬೀದಿ ಎಲ್ಲರ ಕಾಲ ಕೆಳಗೆ ಹೇಗೆ ಸರಿಯುತ್ತದೋ ಅವಳ ಕಾಲ ಕೆಳಗೂ ಹಾಗೇ ಸರಿಯಿತು.

ನಾನು ಒಲೆ ಊದುತ್ತಿದ್ದೆ. ಬಾಗಿಲಲ್ಲಿ ಯಾರೋ ಏದುಸಿರು ಬಿಡುತ್ತಿದ್ದರು. ತಿರುಗಿ ನೋಡಿದರೆ ಅಕ್ಕ. ಮುಖ ಕೆಂಪಗಾಗಿತ್ತು, ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಹೊಗೆಯನ್ನು ನೋಡಿದಳು, ಪಾತ್ರೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಅಕ್ಕಿ ತೊಳದೀಯಿಲ್ಲೋ?"

"ಅಕ್ಕಾ, ನೀನು..."

"ತೊಳದಿಲ್ಲ. ಏಳ ಅತ್ಲಾಗ."

ಒಂದು ಗಂಟೆಯೊಳಗೆ ಅನ್ನ, ಬೇಳೆಸಾರು. ನನಗೆ ಉಳ್ಳಾಗಡ್ಡಿ ಹೆಚ್ಚುವ ಕೆಲಸ ಹಚ್ಚಿದ್ದಳು, ಅದರಿಂದ ನನ್ನ ಕಣ್ಣೀರಿಗೆ ಯಾರೂ ಕಾರಣ ಕೇಳಲಿಲ್ಲ. ಮಕ್ಕಳು ಅವಳನ್ನು ಕಂಡು ಹೋ ಎಂದು ಕೂಗಿದರು. ಎಲ್ಲರಿಗೂ ಬಡಿಸಿ, ಪಾತ್ರೆಗೆ ನೀರು ಹಾಕಿದ ಮೇಲೆ ಅವಳು ತಾನಾಗಿಯೇ ಹೋಗಿ ಮೆಟ್ಟಿಲಿನ ಅಂಚಿಗೆ ಪಾದದ ತುದಿ ಊರಿ ಹಿಮ್ಮಡಿ ಇಳಿಬಿಟ್ಟಳು. ಕೈಯಲ್ಲಿ ಒಂದು ಎಲೆ ಹಿಡಿದು ಸುಣ್ಣ ಹಚ್ಚತೊಡಗಿದಳು.

ನನಗೆ ಹೆಮ್ಮೆ ಉಕ್ಕಿ ಬಂತು. ಪಕ್ಕದಲ್ಲಿ ನಿಂತು, "ನೋಡಿದಿಯೇನ ಅಕ್ಕಾ? ಮೂವತ್ತೊಂದು ವರ್ಷ ಬಡ್ಕೊಂಡೆ. ಮೊದಲ ಕೇಳಿದ್ದರ?" ಎಂದೆ. ಆಮೇಲೆ ನನಗೇ ಒಂದು ಲೆಕ್ಕ ಹೊಳೆಯಿತು. "ಅಲ್ಲ ಅಕ್ಕಾ, ಮೂರು ತಿಂಗಳ ಹಿಂದನ ನಿನ್ನ ಹಣಿ ಮಂಡಿಗೆ ಮುಟ್ಟತಿತ್ತು. ಆವಾಗ ಓಡಬಹುದಾಗಿತ್ತಲ್ಲ. ಯಾಕ ಸುಮ್ನ ಕೂತಿ?"

ಅಕ್ಕ ಎಲೆ ಮಡಚಿ ಬಾಯಿಗೆ ಹಾಕಿಕೊಂಡಳು. ಅಗಿಯುತ್ತ ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಪ್ರತಿ ಭಾನುವಾರ ಬರತಿದ್ದಿ. ಬಾಗು ಅಂದಿ, ಬಾಗಿದೆ. ಹಿಡಿ ಅಂದಿ, ಹಿಡಿದೆ. ಎಲಿ ಹಾಕ್ಕೊಂಡು ಹೋಗತಿದ್ದಿ. ಏಳು, ನಡಿ ಹೋಗೂಣು ಅಂತ ಒಂದ್ ದಿನರ ಅಂದಿಯೇನೋ ತಮ್ಮಾ?"

ಊರಿನ ಜನ ಮೂರ್ಖರು, ಹಟಮಾರಿಗಳು, ಹೇಳಿದ್ದು ಕೇಳುವುದಿಲ್ಲ ಎಂದು ಜೀವನವಿಡೀ ಗೊಣಗಿದವನು ನಾನು. ಮಣೆ ಏರಿದವರು ಏಳುವುದಿಲ್ಲ ಎಂಬ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವನೂ ನಾನೇ. ಆ ಕಾಲುಗಳು ಸಡಿಲವಾದದ್ದನ್ನು ಊರಿನಲ್ಲಿ ಕಣ್ಣಾರೆ ಕಂಡು ಅರ್ಥ ಮಾಡಿಕೊಳ್ಳಬಲ್ಲವನು ನಾನೊಬ್ಬನೇ. ನೋಡಿ, ತಪ್ಪು ತಿದ್ದಿ, ಬೆನ್ನು ತಟ್ಟಿ ಬಂದಿದ್ದೆ.

ಆ ಸಂಜೆ ಅಕ್ಕನ ಜೊತೆಗೆ ಇಳಿದೆ. ಕೆಳತುದಿಯ ಕಟ್ಟೆಯ ಮೇಲೆ ಇನ್ನೂ ಹದಿನೇಳು ಜನ ಅವರವರ ಮಣೆಯ ಮೇಲೆ ಕೂತಿದ್ದರು. ಅಕ್ಕನನ್ನು ಕಂಡು ಎಲ್ಲರೂ ನನ್ನ ಕಡೆ ನೋಡಿದರು. ನೂರಾರು ಮಕ್ಕಳನ್ನು ಒಂದು ಕೂಗಿಗೆ ಎಬ್ಬಿಸಿ ನಿಲ್ಲಿಸುವ ನನ್ನ ದನಿ ಅಂದು ಮೆಲ್ಲಗೆ ಬಂತು.

"ಏಳ್ರಿ," ಎಂದೆ.

ಕಾಶಪ್ಪಜ್ಜ ಕಿವಿಗೆ ಕೈ ಅಡ್ಡ ಹಿಡಿದ. "ಏನಂದ್ರೀ ಮಾಸ್ತರ? ಕೇಳಸಲಿಲ್ಲ."

ಇನ್ನೊಮ್ಮೆ ಹೇಳಿದೆ.